ಐಸಿನ ಮೇಲೆ ಅಣ್ಣ

ಇವತ್ತು ಅಣ್ಣ ಸಾಯುವ ದಿನ. ಅದನ್ನು ನೋಡಲು ತಾನೂ ಬರುತ್ತೇನೆಂದು ಅಣ್ಣನೇ ಬೆಳಿಗ್ಗೆ ಫೋನು ಮಾಡಿ ಹೇಳಿದ್ದ. ಸಾಯುವ ಸಂಗತಿ ಮಾತ್ರ ಅವನಿಗೆ ಗೊತ್ತಿರಲಿಲ್ಲ. "ನಾನು ದುಡಿದ ಐಸ್ ಫ್ಯಾಕ್ಟರೀಲೇ ನಿನ್ನ ಪಿಚ್ಚರ್ ತೆಗೀತಾ ಇದಾರಂತೆ, ನನಗೊಂದು ಮಾತು ಹೇಳ್ಬಾರ್ದೇನೋ ಗುಬ್ಬಿ? ರಜಾ ಹಾಕಿದೀನಿ. ನಿಮ್ಮತ್ತಿಗೆ ಡಬ್ಬಿ ಕಟ್ತಿದಾಳೆ, ನಿನಗೂ ಸೇರಿಸಿ," ಎಂದು ಅವನು ಅಂದಾಗ, ಮೈದಾನದ ತುಂಬ ಜನ ನೆರೆದರೂ ದಣಿಯದ ತಮ್ಮನ ಗಂಟಲಿನಿಂದ "ಹೂಂ, ಬಾ" ಎಂಬುದರ ಹೊರತು ಇನ್ನೇನೂ ಹೊರಟಿರಲಿಲ್ಲ. ಈಗ ವ್ಯಾನಿನೊಳಗೆ ಬಣ್ಣದವನು ಅವನ ಕಿವಿಗಳ ಹಿಂದೆ ಅಂಟುಪಟ್ಟಿ ಹಚ್ಚಿ, ನಲವತ್ತು ದಾಟಿದ ಮುಖದ ಚರ್ಮವನ್ನು ಹಿಂದಕ್ಕೆಳೆದು ಇಪ್ಪತ್ತರ ಹುಡುಗನ ಮುಖ ಮಾಡುತ್ತಿದ್ದ. ಎಳೆದಷ್ಟೂ ಬಾಯಿ ಅಗಲವಾಗಿ, ಕನ್ನಡಿಯೊಳಗಿನವನು ಯಾವುದೋ ಒಳ್ಳೆಯ ಸುದ್ದಿ ಕೇಳಿದವನ ಹಾಗೆ ಕಾಣುತ್ತಿದ್ದ. ಅಣ್ಣನ ಹೆಣದ ಮೇಲೆ ಬಿದ್ದು ಅಳುವ ದೃಶ್ಯಕ್ಕೆ ಇಂಥ ಮುಖ! "ಸ್ವಲ್ಪ ಸಡಿಲ ಬಿಡಪ್ಪ, ಅಳೋಕೆ ಜಾಗ ಬೇಕು," ಎಂದ. "ಸಡಿಲ ಬಿಟ್ರೆ ನೀವು ನಿಮ್ಮ ಹಾಗೇ ಕಾಣ್ತೀರ ಸಾರ್," ಎಂದ ಬಣ್ಣದವನು, ಬಹಳ ಮರ್ಯಾದೆಯಿಂದ.

ಊರು ಅವನನ್ನು ಗುಡುಗು ಎಂದು ಕರೆಯುತ್ತದೆ. ಭಿತ್ತಿಚಿತ್ರಗಳಲ್ಲಿ, ಬನಿಯನ್ನುಗಳ ಎದೆಯ ಮೇಲೆ, ಆಟೋಗಳ ಬೆನ್ನ ಮೇಲೆ ಗುಡುಗು. ಮನೆಯಲ್ಲಿ ಗುಬ್ಬಿ. ಕೀರಲು ದನಿಯ, ಬಾಗಿಲ ಸಂದಿಯಲ್ಲಿ ನಿಂತು ದೊಡ್ಡವರ ಮಾತನ್ನು ಕದ್ದು ಕೇಳಿ ಆಮೇಲೆ ಅವರಂತೆಯೇ ಮಾತಾಡಿ ತೋರಿಸುತ್ತಿದ್ದ ಗುಬ್ಬಿ. ಗುಬ್ಬಿ ಗುಡುಗಾದದ್ದು ಹೇಗೆ ಎಂಬುದೇ ಈ ಸಿನಿಮಾ. ಚಿತ್ರಕಥೆಯ ಪ್ರಕಾರ ಅವನು ಬಡತನದ ಬೆಂಕಿಯಲ್ಲಿ ಬೆಂದು, ಐಸ್ ಫ್ಯಾಕ್ಟರಿಯ ಚಳಿಯಲ್ಲಿ ನಡುಗಿ, ಆ ಬೆಂಕಿ ಆ ಚಳಿ ಎರಡೂ ಸೇರಿ ಸಿಡಿದು ಗುಡುಗಾದ. ನಿಜದಲ್ಲಿ ಬೆಂಕಿಯೂ ಇರಲಿಲ್ಲ, ಚಳಿಯೂ ಇರಲಿಲ್ಲ. ಹದವಾದ ಏಸಿ ಇತ್ತು. ಬಟ್ಟೆ ಒಗೆಯುವ ಮೆಷಿನ್ನು ಮಾರುವ ಕಂಪನಿಯ ದೂರು ವಿಭಾಗದಲ್ಲಿ, ತಲೆಗೆ ಹೆಡ್‌ಫೋನು ಸಿಕ್ಕಿಸಿಕೊಂಡು, ಹಗಲಿಡೀ ಬೈಸಿಕೊಳ್ಳುವ ಕೆಲಸ. ಅಲ್ಲಿನ ಮೇಲ್ವಿಚಾರಕಿ ಹೊಸಬರಿಗೆಲ್ಲ ಕಲಿಸುತ್ತಿದ್ದ ಮೊದಲ ಪಾಠ, ಗಿರಾಕಿಗೆ ಇಲ್ಲ ಅನ್ನಬಾರದು. "ನಿಮ್ಮ ಮೆಷಿನ್ನು ನನ್ನ ಅತ್ತೇನ ನುಂಗಿಬಿಡ್ತು ಅಂದ್ರೂ ನೀವು ಇಲ್ಲ ಅನ್ನೋ ಹಾಗಿಲ್ಲ. ಹೌದು ಸಾರ್, ನಿಮ್ಮ ಮಾತು ಸರಿ, ಅತ್ತೆಯವರ ಅಳತೆ ಎಷ್ಟು, ಅಂತ ಕೇಳ್ಬೇಕು." ಅವನಿಗೆ ಈ ವಿದ್ಯೆ ನೀರು ಕುಡಿದಷ್ಟು ಸುಲಭವಾಗಿ ಬಂತು. ದನಿ ಬೆಣ್ಣೆಯಾಯಿತು. ಮಧ್ಯಾಹ್ನ ಕ್ಯಾಂಟೀನಿನಲ್ಲಿ ಮಾತ್ರ ಅವನು ಬೆಳಿಗ್ಗೆ ಬೈದವರನ್ನೆಲ್ಲ ಒಬ್ಬೊಬ್ಬರಾಗಿ ಮೇಜಿನ ಮೇಲೆ ತಂದು ಕೂರಿಸುತ್ತಿದ್ದ: ಮೂಗಿನಿಂದ ಬೈಯುವ ವಕೀಲ, ಬೈಯುತ್ತ ಬೈಯುತ್ತ ಅತ್ತುಬಿಡುವ ಹೊಸ ಸೊಸೆ, ಬೈಗುಳದ ನಡುವೆ "ಒಂದ್ನಿಮಿಷ, ಹಾಲು ಉಕ್ತು" ಎಂದು ಹೋಗಿ ಬಂದು ಬಿಟ್ಟ ಕಡೆಯಿಂದಲೇ ಮುಂದುವರಿಸುವ ಗೃಹಿಣಿ. ಜನ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಹಾಗೆ ನಗುತ್ತಿದ್ದವರಲ್ಲೊಬ್ಬ, ಬಿಲ್ಲು ವಿಭಾಗದವನು, ಸಂಜೆ ಡ್ರಮ್ ಬಾರಿಸುತ್ತಿದ್ದ. ಅವನ ತಂಡದಲ್ಲಿ ಗಿಟಾರಿನವರಿಬ್ಬರಿದ್ದರು, ಕಿರುಚಿ ಹಾಡುವವರಿರಲಿಲ್ಲ; ಆ ಜಾಗಕ್ಕೆ ಇವನನ್ನು ಸೇರಿಸಿಕೊಂಡ.

ಒಬ್ಬ ನಿವೃತ್ತ ಮೇಷ್ಟರ ಮನೆಯ ಮೆಷಿನ್ನು ಒಂದು ಸಲ ತಿರುಗತೊಡಗಿ ನಿಲ್ಲಲೇ ಇಲ್ಲ. ಕುಣಿಯುತ್ತ ಕುಣಿಯುತ್ತ ಬಂದು ಬಚ್ಚಲಿನ ಬಾಗಿಲಿಗೆ ಅಡ್ಡ ನಿಂತಿತು, ಒಳಗೆ ಮೇಷ್ಟರು. ಅವರು ಒಳಗಿನಿಂದಲೇ ಫೋನಿನಲ್ಲಿ ಕಿರುಚಿದರು: "ನಿಲ್ಸ್ರೋ! ನಿಲ್ಸ್ರೋ ಇದನ್ನ! ನಿಮ್ಮ ವಂಶ ಹಾಳಾಗ, ನಿಲ್ಸ್ರೋ!" ಆ ಕಿರುಚಾಟದ ಒಂದೊಂದು ಏರಿಳಿತವೂ, ಕೊನೆಯಲ್ಲಿ ದನಿ ಒಡೆದು ಕೆಮ್ಮಾಗುವುದೂ ಸಹ, ಅವನ ಮೊದಲ ಹಾಡಾಯಿತು. ಜನಕ್ಕೆ ಹುಚ್ಚು ಹಿಡಿಯಿತು. 'ನಿಲ್ಸ್ರೋ' ಎಂದರೆ ಯುದ್ಧವನ್ನೆಂದು ಕೆಲವರು, ಲಂಚವನ್ನೆಂದು ಕೆಲವರು, ಕಾಲೇಜಿನ ಹುಡುಗರು ಪರೀಕ್ಷೆಯನ್ನೆಂದು ತಿಳಿದರು. ಒಬ್ಬ ವಿಮರ್ಶಕ 'ಕಾಲದ ಚಕ್ರಕ್ಕೆ ಒಡ್ಡಿದ ಎದೆ' ಎಂದು ಬರೆದ. ಚಕ್ರವೇನೋ ಸರಿಯೇ, ಅದರೊಳಗೆ ಮೇಷ್ಟರ ಪಂಚೆ ಇತ್ತು. ಒಬ್ಬರೂ ಕೇಳಲಿಲ್ಲ, ಇದು ಯಾರ ದನಿಯಪ್ಪ ಎಂದು. ಕೇಳಿದ್ದರೂ ಏನೆನ್ನುತ್ತಿದ್ದ? ಅವನ ಹತ್ತಿರ ಅವನದೇ ಎನ್ನುವ ದನಿ ಯಾವುದಿತ್ತು ಎಂದು ಅವನಿಗೇ ಸಂಶಯವಿತ್ತು. ಕೆಲವೊಮ್ಮೆ ಒಬ್ಬನೇ ಇದ್ದಾಗ 'ಅಯ್ಯೋ' ಎಂದು ಹೇಳಿ ನೋಡಿಕೊಳ್ಳುತ್ತಿದ್ದ, ಅದೂ ಯಾರದೋ ಅನ್ನಿಸುತ್ತಿತ್ತು.

"ತಲೆ ಎತ್ತಿ ಸಾರ್." ಬಣ್ಣದವನ ಕುಂಚ ಕತ್ತಿನ ಮೇಲೆ ತಣ್ಣಗೆ ಹರಿಯಿತು. ಆವತ್ತೂ ಹೀಗೆಯೇ ಕತ್ತು ತಣ್ಣಗಾಗಿತ್ತು, ಟೀವಿಯವರ ಮೊದಲ ಸಂದರ್ಶನದ ದಿನ. ಸ್ಟುಡಿಯೋದಲ್ಲಿ ಚಳಿ ಎಂದು ಯಾರೋ ಹೇಳಿದ್ದಕ್ಕೆ ಅಣ್ಣನ ಕೋಟು ಹಾಕಿಕೊಂಡು ಹೋಗಿದ್ದ. ಐಸ್ ಫ್ಯಾಕ್ಟರಿಯವರು ಕೊಟ್ಟ ದಪ್ಪ ಹತ್ತಿ ತುಂಬಿದ ಕೋಟು, ಬೆನ್ನ ಮೇಲೆ ಫ್ಯಾಕ್ಟರಿಯ ಹೆಸರು, ತೋಳಿನಲ್ಲಿ ಉಪ್ಪುನೀರಿನ ಬಿಳಿ ಗೆರೆ. ಸಂದರ್ಶಕಿ ಅದನ್ನು ನೋಡಿ ಕಣ್ಣರಳಿಸಿ, "ಓ, ನೀವು ಐಸ್ ಫ್ಯಾಕ್ಟರೀಲಿ ಕೂಲಿ ಮಾಡಿದೀರಾ?" ಎಂದಳು. ಆಗ ಅವನು ಮಾಡಿದ ತಪ್ಪನ್ನು ದೂರು ವಿಭಾಗದಲ್ಲಿ ಪಳಗಿದವನಲ್ಲದೆ ಬೇರೆ ಯಾರೂ ಮಾಡಲಾರರು. ಎದುರಿಗಿದ್ದವಳು ಪ್ರಶ್ನೆ ಕೇಳಿದ್ದಳು. ನಾಲಿಗೆ ತನ್ನಷ್ಟಕ್ಕೆ ತಾನೇ "ಹೌದು ಮೇಡಂ, ನಿಮ್ಮ ಮಾತು ಸರಿ" ಎಂದಿತು. ಆಮೇಲೆ ಹಿಂದೆ ಬರಲು ದಾರಿಯೇ ಉಳಿಯಲಿಲ್ಲ. ಬೆಳಗಿನ ಜಾವ ಎಷ್ಟಕ್ಕೆ ಏಳ್ತಿದ್ರಿ, ಕೈ ಮರಗಟ್ತಿತ್ತಾ, ಅಮೋನಿಯಾ ವಾಸನೆಗೆ ಕಣ್ಣು ಉರೀತಿತ್ತಾ? ಹೌದು, ಹೌದು, ಹೌದು. ಮನೆಗೆ ಹೋದರೆ ಅಣ್ಣ ಟೀವಿಯ ಎದುರಿನಿಂದ ಎದ್ದು ನಗುತ್ತ, "ಕೂಲಿ ಮಾಡಿದೋನು ನಾನು, ಬೆನ್ನು ನೋವು ನಿನಗಾ?" ಎಂದಿದ್ದ. ಅಷ್ಟೇ. ಅತ್ತಿಗೆ ಮಾತ್ರ ನಗಲಿಲ್ಲ. "ಕೋಟು ಒಗೆದು ಕೊಡಿ," ಎಂದಳು. ಅವನು ಕೊಡಲಿಲ್ಲ, ಮುಂದಿನ ಕಾರ್ಯಕ್ರಮಕ್ಕೆ ಜನ ಆ ಕೋಟನ್ನೇ ಕೇಳಿದರು. ಆ ಚಳಿಗಾಲ ಅಣ್ಣ ಎರಡು ಸ್ವೆಟರು ಹಾಕಿಕೊಂಡು ಕೆಲಸಕ್ಕೆ ಹೋದ.

ಮೊದಲ ಸಿನಿಮಾದಲ್ಲಿ ಅವನಿಗೆ ಮೂಕ ಕೊಲೆಗಡುಕನ ಪಾತ್ರ ಕೊಟ್ಟರು. ಗುಡುಗಿಗೆ ಮಾತಿಲ್ಲದ ಪಾತ್ರ! ಪತ್ರಿಕೆಯವರು 'ಮೌನವೂ ಗುಡುಗಿತು' ಎಂದರು, ಪ್ರಶಸ್ತಿ ಬಂತು. ಅವನು ಆ ಪಾತ್ರದುದ್ದಕ್ಕೂ ಫೋನಿನಲ್ಲಿ ಬೈಸಿಕೊಳ್ಳುತ್ತಿರುವಾಗಿನ ತನ್ನ ಮುಖವನ್ನೇ ಇಟ್ಟುಕೊಂಡಿದ್ದ, ಅದು ಕೊಲೆಗಡುಕನಿಗೆ ಚೆನ್ನಾಗಿ ಒಪ್ಪಿತು. ಆಮೇಲೆ ಈ ಸಿನಿಮಾ, ಅವನ ಬದುಕಿನದು, ಅವನೇ ನಾಯಕ. ಕಥೆಗಾರ, ಗಡ್ಡದೊಳಗೆ ಕೈಯಿಟ್ಟು ಯೋಚಿಸುವ ಅಭ್ಯಾಸದವನು, ಹೋಟೆಲಿನ ಕೋಣೆಯಲ್ಲಿ ಅವನನ್ನು ಕೂರಿಸಿಕೊಂಡು ಕೇಳಿದ್ದ, "ಸರಿ, ಐಸ್ ಫ್ಯಾಕ್ಟರೀಲಿ ನೀವು. ಹಾಗಾದ್ರೆ ಮನೇಲಿ ಅಣ್ಣ ಅಂತ ಒಬ್ರು ಇದಾರಲ್ಲ, ಅವರು ಏನು ಮಾಡ್ತಿದ್ರು?" ಕೆಲಸ ಒಂದು, ಅಣ್ಣತಮ್ಮ ಇಬ್ಬರು. ಅಣ್ಣನನ್ನು ದೂರು ವಿಭಾಗಕ್ಕೆ ಹಾಕೋಣವೆಂದರೆ ಅಷ್ಟು ಮೆತ್ತಗೆ ಮಾತಾಡುವ ಅಣ್ಣ ಯಾರಿಗೆ ಬೇಕು? ಕಥೆಗಾರ ಗಡ್ಡದಿಂದ ಕೈ ತೆಗೆದ. "ಒಂದು ಕೆಲಸ ಮಾಡೋಣ. ಅಣ್ಣನೂ ಅಲ್ಲೇ ಇದ್ದ, ಅಲ್ಲೇ ಸತ್ತ. ಐಸಿನ ದಿಮ್ಮಿ ಜಾರಿ ಎದೆ ಮೇಲೆ ಬಿತ್ತು. ಆ ಶೋಕದಲ್ಲಿ ನಿಮ್ಮ ಗಂಟಲು ಒಡೆದು ಗುಡುಗು ಹುಟ್ತು. ಹೇಗೆ?" ಅಣ್ಣ ಆಗ ಅದೇ ಊರಿನ ಇನ್ನೊಂದು ತುದಿಯಲ್ಲಿ, ಐಸ್ ಫ್ಯಾಕ್ಟರಿ ಮುಚ್ಚಿದ ಮೇಲೆ ಸೇರಿದ ಕೋಲ್ಡ್ ಸ್ಟೋರೇಜಿನ ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಬಿಸಿಲು ಕಾಯಿಸಿಕೊಳ್ಳುತ್ತಿದ್ದಿರಬೇಕು. "ಹೌದು," ಎಂದ ಅವನು, "ನಿಮ್ಮ ಮಾತು ಸರಿ." ಒಂದು ಹೌದು, ಒಂದು ಹೆಣ.

ಹೇಳಬೇಕು. ವ್ಯಾನಿನಿಂದ ಇಳಿಯುತ್ತ ನಿರ್ಧರಿಸಿದ: ಅಣ್ಣ ಬಂದ ಕೂಡಲೇ ಪಕ್ಕಕ್ಕೆ ಕರೆದು, ಮುಖ ನೋಡಿ, ಹೇಳಿಬಿಡಬೇಕು; ಬೇರೆಯವರ ಬಾಯಿಂದ ಕೇಳಿದರೆ ಅಣ್ಣನ ಮುಖ ಹೇಗಾಗುತ್ತದೆಂದು ಊಹಿಸಲೂ ಅವನಿಗೆ ಧೈರ್ಯವಿರಲಿಲ್ಲ. ಇಲ್ಲವಾದರೆ ಹೇಗಾದರೂ ಮಾಡಿ ಊಟ ಮುಗಿಸಿ ಮನೆಗೆ ಕಳಿಸಿಬಿಡಬೇಕು. ಹಾಗೆಂದುಕೊಳ್ಳುತ್ತಿದ್ದಂತೆ ಗೇಟಿನಲ್ಲಿ ಕಾವಲಿನವನು ಯಾರನ್ನೋ ತಡೆದದ್ದು ಕಾಣಿಸಿತು. "ಏಯ್, ನಾನು ಹೀರೋ ಅಣ್ಣ ಕಣಪ್ಪ!" "ಎಲ್ರೂ ಹಾಗೇ ಹೇಳ್ತಾರೆ ಯಜಮಾನ್ರೇ. ಬೆಳಿಗ್ಗೆಯಿಂದ ನೀವು ಮೂರನೇ ಅಣ್ಣ." ಅಣ್ಣ ಇಸ್ತ್ರಿ ಮಾಡಿದ ನೀಲಿ ಅಂಗಿ ಹಾಕಿದ್ದ. ತಲೆಗೂದಲಿಗೆ ಕಪ್ಪು ಬಣ್ಣ; ನಿನ್ನೆ ರಾತ್ರಿ ಹಚ್ಚಿಸಿಕೊಂಡದ್ದಿರಬೇಕು, ಕಿವಿಯ ತುದಿಗೂ ಹತ್ತಿತ್ತು. ಯಾಕೆ ಎಂದು ಅವನು ಕೇಳುವ ಮೊದಲೇ ಅಣ್ಣ ನಾಚಿ ತಲೆ ಸವರಿಕೊಂಡ. "ಅಕಸ್ಮಾತ್ ಹಿಂದೆಗಿಂದೆ ನಿಲ್ಸಿದ್ರೆ ಅಂತ... ನಿಮ್ಮತ್ತಿಗೆ ನಕ್ಕಳು." ಅವನ ಕಣ್ಣು ಒಂದು ಸಲ ತಮ್ಮನ ಮುಖದ ಮೇಲೆ ನಿಂತಿತು. "ಇದೇನೋ, ಗಾಳಿಗೆ ಎದುರಾಗಿ ಸ್ಕೂಟರ್ ಓಡಿಸ್ತಾ ಇರೋನ ಹಾಗೆ ಕಾಣ್ತೀಯ!"

"ಅಣ್ಣ, ಒಂದು ವಿಷಯ..."

"ವಿಷಯ ಆಮೇಲೆ. ಮೊದಲು ಒಳಗೆ ತೋರಿಸು. ಈ ಬಾಗಿಲಿಗೆ ತಲೆ ತಗಲಿಸ್ಕೊಂಡು ಎಷ್ಟು ಸಲ ಬೈದಿದೀನಿ ಗೊತ್ತಾ?"

ಒಳಗೆ ಕಾಲಿಟ್ಟವನೇ ಅಣ್ಣ ಮಗುವಾದ. ಮುಚ್ಚಿಹೋದ ಫ್ಯಾಕ್ಟರಿಗೆ ಸಿನಿಮಾದವರು ಹೊಸ ತುಕ್ಕು ಬಳಿದಿದ್ದರು. ಉಪ್ಪುನೀರಿನ ತೊಟ್ಟಿ ಖಾಲಿಯಾಗಿತ್ತು, ಅದರ ಅಂಚಿನಲ್ಲಿ ಮಂಜಿಗೆಂದು ಹೊಗೆ ಬಿಡುವ ಯಂತ್ರ. ಅಣ್ಣ ಗೋಡೆಯ ಮೇಲಿದ್ದ ಹಳೇ ಕೊಕ್ಕೆಯೊಂದನ್ನು ತೆಗೆದು ತಿರುಗಿಸಿ ನೋಡಿ, ಇದು ತನ್ನದೇ ಎಂದ. ಆಮೇಲೆ ಅದರ ಪಕ್ಕದ್ದನ್ನು ತೆಗೆದು, ಅಲ್ಲ, ಇದು, ಎಂದ. ಎರಡೂ ಕಲಾವಿಭಾಗದವರು ಹಿಂದಿನ ವಾರ ಮಾಡಿಸಿದ್ದೆಂದು ಗೊತ್ತಾದಾಗ ಪೆಚ್ಚಾಗಿ ನಕ್ಕ. ಹೊಗೆಯ ನಡುವೆ, ದೀಪಗಳ ಕೆಳಗೆ, ಐಸಿನ ದಿಮ್ಮಿಗಳನ್ನು ಜೋಡಿಸಿ ಮಂಚದಷ್ಟು ಎತ್ತರ ಮಾಡಿದ್ದರು. ಐಸು ನಿಜವಾದದ್ದು, ಬೇರೆ ಕಡೆಯಿಂದ ಲಾರಿಯಲ್ಲಿ ಬಂದದ್ದು. ಅದರ ಮೇಲೆ ಗೋಣಿ ಹಾಸಿ, ಗೋಣಿಯ ಮೇಲೆ ಒಬ್ಬ ಹಿರಿಯ ನಟ ಹೆಣವಾಗಿ ಮಲಗಿದ್ದ. ಹೆಣದ ಪಾತ್ರಗಳಲ್ಲಿ ಊರಿಗೇ ಹೆಸರಾದವನು. ರಂಗದ ಮೇಲೆ ತಾನು ಸತ್ತಷ್ಟು ಸಲ ಬೇರೆ ಯಾರೂ ಸತ್ತಿಲ್ಲ ಎಂದು ಹೇಳಿಕೊಳ್ಳುತ್ತಿದ್ದ.

"ಇವರ್ಯಾರೋ?" ಎಂದ ಅಣ್ಣ ಪಿಸುದನಿಯಲ್ಲಿ.

ಹೇಳಬೇಕಾದ ಗಳಿಗೆ ಇದೇ. ಅವನು ಬಾಯಿ ತೆರೆದ. ಮುಖದ ಪಟ್ಟಿ ಎಳೆಯಿತು. "ಒಬ್ಬ... ಕೆಲಸಗಾರ," ಎಂದ.

"ಪಾಪ," ಎಂದ ಅಣ್ಣ. ಅಷ್ಟರಲ್ಲಿ ಹೆಣ ಸೀನಿತು.

ನಿರ್ದೇಶಕ ಮಾನಿಟರಿನ ಹಿಂದಿನಿಂದ ಎದ್ದು ಬಂದ. ಕುತ್ತಿಗೆಗೆ ಸ್ಕಾರ್ಫು, ಕೈಯಲ್ಲಿ ಮೆಗಾಫೋನು. ಎರಡಡಿ ದೂರದವನಿಗೂ ಅದರಲ್ಲೇ ಮಾತಾಡುವವನು. "ಹೆಣ ಸೀನಬಾರದು ಸಾರ್!" ಹೆಣ ಎದ್ದು ಕೂತಿತು. "ನಾನು ಸುಟ್ಟು ಸತ್ತಿದೀನಿ, ಮುಳುಗಿ ಸತ್ತಿದೀನಿ, ನೇಣಿಗೇರಿ ಸತ್ತಿದೀನಿ. ನೆಗಡಿಯಾಗಿ ಸಾಯೋದು ನನ್ನ ಗೌರವಕ್ಕೆ ಕಡಿಮೆ. ಪ್ಲಾಸ್ಟಿಕ್ ಐಸ್ ತರಿಸಿ, ಆಮೇಲೆ ಕರೀರಿ," ಎಂದು ಕಂಬಳಿ ಹೊದ್ದು ವ್ಯಾನಿಗೆ ನಡೆದ. ನಿರ್ದೇಶಕ ತಲೆ ಚಚ್ಚಿಕೊಳ್ಳಲು ಕೈ ಎತ್ತಿದವನು ಹಾಗೆಯೇ ನಿಂತ. ಅವನ ನೋಟ ಅಣ್ಣನ ಮೇಲೆ, ಅಣ್ಣನಿಂದ ತಮ್ಮನ ಮೇಲೆ, ಮತ್ತೆ ಅಣ್ಣನ ಮೇಲೆ ಓಡಾಡಿತು. ಅದೇ ಮೂಗು, ಅದೇ ದವಡೆ.

"ಇವರು?"

"ನಾನು ಇವನ ಅಣ್ಣ ಸಾರ್," ಎಂದ ಅಣ್ಣ, ನೀಲಿ ಅಂಗಿಯ ಕಾಲರು ಸರಿಮಾಡಿಕೊಂಡು.

"ದೇವ್ರೇ! ಅಣ್ಣ! ನಿಜವಾದ ಅಣ್ಣ! ಇಲ್ಲಿ ನೋಡ್ರೋ, ಒರಿಜಿನಲ್ಲು!" ಮೆಗಾಫೋನು ಗೋಡೆಗೆಲ್ಲ ಕೇಳುವಂತೆ ಅರಚಿತು. "ಯಜಮಾನ್ರೇ, ನಮಗೊಂದು ಉಪಕಾರ ಮಾಡ್ಬೇಕು. ನೀವು ಸತ್ತಿದೀರ. ಸುಮ್ನೆ ಮಲಗಿದ್ರೆ ಸಾಕು."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡವನಂತೆ ತಮ್ಮನ ಕೈ ತನ್ನಷ್ಟಕ್ಕೆ ತಾನೇ ಕಿವಿಯ ಹಿಂದಿನ ಪಟ್ಟಿಗೆ ಹೋಯಿತು. ಅಣ್ಣ ನಿರ್ದೇಶಕನನ್ನೇ ನೋಡುತ್ತಿದ್ದ, ನಗು ಇನ್ನೂ ತುಟಿಯಲ್ಲೇ ಇತ್ತು, ಅದಕ್ಕೆ ಎಲ್ಲಿ ಹೋಗಬೇಕೆಂದು ತಿಳಿದಿರಲಿಲ್ಲ.

"ಸತ್ತಿದೀನಾ? ಯಾರು, ನಾನಾ?"

"ಕಥೇಲಿ," ಎಂದ ಕಥೆಗಾರ ಗಡ್ಡದೊಳಗಿನಿಂದ.

"ಯಾವಾಗ?"

"ಇವರು ಪ್ರಸಿದ್ಧರಾಗೋಕೆ ಸ್ವಲ್ಪ ಮುಂಚೆ."

"ಹೇಗೆ ಸತ್ತೆ?"

"ಐಸಿನ ದಿಮ್ಮಿ ಜಾರಿ ಮೈಮೇಲೆ ಬಿದ್ದು."

ಅಣ್ಣನ ಮುಖ ಈಗ ಕೆಂಪಾಯಿತು. ಅವನು ತಮ್ಮನ ಕಡೆ ತಿರುಗಿದ. ಬಂತು, ಎಂದುಕೊಂಡ ಇವನು. ಕಣ್ಣು ಮುಚ್ಚಿಕೊಳ್ಳೋಣವೆನ್ನಿಸಿತು, ಆದರೆ ಬಿಗಿದ ಚರ್ಮಕ್ಕೆ ಅದೂ ಪೂರ್ತಿ ಸಾಧ್ಯವಿರಲಿಲ್ಲ. "ಇಷ್ಟು ವರ್ಷ ಐಸ್ ಎಳೆದು," ಎಂದ ಅಣ್ಣ, "ದಿಮ್ಮಿ ಮೈಮೇಲೆ ಕೆಡವಿಕೊಳ್ಳೋ ಅಷ್ಟು ದಡ್ಡನೇನೋ ನಾನು? ನಮ್ಮ ಜೊತೆಯವರು ನೋಡಿದ್ರೆ ನಗಲ್ವಾ? ಹೃದಯ ನಿಲ್ಸಿ ಸಾಯಿಸ್ಬಾರ್ದಾಗಿತ್ತಾ?" ಎಲ್ಲರೂ ನಕ್ಕರು. ಅಣ್ಣನೂ ನಕ್ಕ, ಒಂದು ಗಳಿಗೆ ತಡವಾಗಿ. ಆ ತಡವಾದ ಒಂದು ಗಳಿಗೆ ತಮ್ಮನಿಗೆ ಮಾತ್ರ ಕಂಡಿತು, ಏಕೆಂದರೆ ಜನರ ತಡವರಿಕೆಗಳನ್ನು ಹಿಡಿಯುವುದೇ ಅವನ ಕಸುಬು. "ಅಣ್ಣ, ಬೇಡ, ಮನೆಗೆ ಹೋಗು," ಎಂದ ಮೆಲ್ಲಗೆ. "ಯಾಕೆ? ಅಷ್ಟು ದೊಡ್ಡ ಮನುಷ್ಯರು ಕೇಳ್ತಿದಾರೆ," ಎಂದ ಅಣ್ಣ. "ಇಷ್ಟಕ್ಕೂ ನೀನು ಸಾಯಿಸಿ ಆಗಿದೆ. ಮಲಗೋದು ತಾನೇ ಉಳಿದಿರೋದು?" ಹೇಳಿ, ಊಟದ ಡಬ್ಬಿಯನ್ನು ಅವನ ಕೈಗೆ ಕೊಟ್ಟು ಅಂಗಿ ಬಿಚ್ಚತೊಡಗಿದ. ಆ ಮಾತಿನಲ್ಲಿ ಚುಚ್ಚು ಇತ್ತೋ ಇಲ್ಲವೋ ಗೊತ್ತಾಗಲಿಲ್ಲ. ಮೂಗಿನ ವಕೀಲನ ಮಾತಿನಲ್ಲಿ ಎಷ್ಟು ವಿಷವಿದೆಯೆಂದು ಫೋನಿನಲ್ಲೇ ತೂಗಬಲ್ಲವನಿಗೆ, ಎದುರಿಗೆ ನಿಂತ ಅಣ್ಣನ ಮಾತು ತೂಗಲು ಬರಲಿಲ್ಲ.

ಬಣ್ಣದವನು ಅಣ್ಣನ ಮುಖಕ್ಕೆ ಬೂದಿ ಬಣ್ಣ ಬಳಿದ. "ಕೂದಲು ಮಾತ್ರ ಹೀಗೇ ಇರಲಿ," ಎಂದು ಅಣ್ಣ ಕೇಳಿಕೊಂಡ, "ಸತ್ತಾಗ ನಾನು ಹುಡುಗ ಅಲ್ವಾ?" ಐಸಿನ ಮೇಲೆ ಮಲಗುವಾಗ ಅವನು ಅಯ್ಯೋ ಎನ್ನಲಿಲ್ಲ, ಹಲ್ಲು ಕಚ್ಚಿ ಬೆನ್ನನ್ನು ಸ್ವಲ್ಪ ಸ್ವಲ್ಪವಾಗಿ ಒಪ್ಪಿಸಿದ. ಕಣ್ಣು ಮುಚ್ಚಿದ. ಅಣ್ಣನ ಮುಖ ತೀರಿಹೋದ ಅಪ್ಪನ ಮುಖವಾಗಿತ್ತು. ಬೂದಿ ಬಣ್ಣ ಅದನ್ನು ಮಾಡಿತ್ತೋ, ಮುಚ್ಚಿದ ಕಣ್ಣೋ.

"ಗ್ಲಿಸರಿನ್ ಬೇಕಾ ಸಾರ್?" ಸಹಾಯಕ ಕೇಳಿದ. "ಬೇಡ ಕಣಯ್ಯ, ಸಾರ್ ಸಂದರ್ಶನದಲ್ಲಿ ಹೇಳಿಬಿಟ್ಟಿದಾರೆ, ಎಲ್ಲ ಕಣ್ಣೀರೂ ಅಸಲಿ ಅಂತ," ಎಂದ ನಿರ್ದೇಶಕ. "ಗುಡುಗಿದ್ದಾಯ್ತು, ಈಗ ಮಳೆ ಬರಲಿ. ಆಕ್ಷನ್!"

ಅಳು ಬರಲಿಲ್ಲ. ಅಣ್ಣನ ಬಳಿ ಮೊಣಕಾಲೂರಿ ಒಳಗೆಲ್ಲ ಹುಡುಕಿದ. ಹೊಸ ಸೊಸೆಯ ಅಳುವಿತ್ತು, ಅದು ತೆಳು. ಟಿಕೆಟ್ಟು ಸಿಗದ ಅಭಿಮಾನಿಯೊಬ್ಬನ ಅಳುವಿತ್ತು, ಅದು ನಗು ಬರಿಸುವಂಥದ್ದು. ಕ್ಯಾಮೆರಾ ಓಡುತ್ತಿತ್ತು. ಬೆವರು ಪಟ್ಟಿಯ ಅಂಟನ್ನು ಸಡಿಲಿಸುತ್ತಿತ್ತು. ಆಗ ಇನ್ನೊಂದು ಅಳು ಕೈಗೆ ಸಿಕ್ಕಿತು, ತಳದಲ್ಲೆಲ್ಲೋ ಬಟ್ಟೆಯಲ್ಲಿ ಸುತ್ತಿಟ್ಟದ್ದು. ಅವನು ಯೋಚಿಸಲಿಲ್ಲ, ಹಾಕಿಕೊಂಡ. ಮೊದಲು ಬಿಕ್ಕಳಿಕೆಯಂಥ ಒಂದು ಸದ್ದು. ಆಮೇಲೆ ಮುಷ್ಟಿಯನ್ನು ಬಾಯಿಗೆ ತುರುಕಿಕೊಂಡು, ಮೂಗಿನಿಂದ ಹೊರಡುವ ಸಿಳ್ಳೆಯಂಥ ಎಳೆ. ನಡುನಡುವೆ, ಯಾರೋ ಪಕ್ಕದ ಕೋಣೆಯಿಂದ ಕರೆದಂತೆ, "ಬಂದೆ... ಬಂದೆ ತಾಳು... ಬಂದೆ..." ಕಣ್ಣಿಂದ ನೀರು ದಳದಳ ಸುರಿಯಿತು. ಬೆಳಕಿನವನೊಬ್ಬ ಮೂಗೊರೆಸಿಕೊಂಡ. ನಿರ್ದೇಶಕ ಕಟ್ ಎನ್ನಲು ಮರೆತು ಆಮೇಲೆ ನೆನಪಿಸಿಕೊಂಡು ಮೆಗಾಫೋನಿಲ್ಲದೆ ಹೇಳಿದ. ಚಪ್ಪಾಳೆ ಬಿತ್ತು. "ಬಂದೆ! ಎಂಥ ಮಾತು! ಸ್ಕ್ರಿಪ್ಟಿನಲ್ಲೇ ಇರಲಿಲ್ಲ!" ಎಂದು ಕಥೆಗಾರ ಬರೆದುಕೊಂಡ.

ಅಣ್ಣ ಕಣ್ಣು ತೆರೆದಿದ್ದ. ಏಳಲಿಲ್ಲ. ಮಲಗಿದಲ್ಲಿಂದಲೇ ತಮ್ಮನನ್ನು ನೋಡುತ್ತ, ಅವನಿಗಷ್ಟೇ ಕೇಳುವಂತೆ ಹೇಳಿದ:

"ಅದು ನಾನು ಅಪ್ಪನಿಗೆ ಹೇಳಿದ್ದಲ್ವೇನೋ?"

ಅವನು ಕೆನ್ನೆ ಒರೆಸಿಕೊಂಡ.

"ಆಸ್ಪತ್ರೇಲಿ. ಅಪ್ಪ ಕಡೇವರೆಗೂ ಕರೀತಾನೇ ಇದ್ರು. ಹೋದ ಮೇಲೂ ನನ್ನ ಬಾಯಿ ನಿಲ್ಲಲಿಲ್ಲ. ಆಗ ಕೋಣೇಲಿ ನಾನೊಬ್ನೇ ಇದ್ದೆ." ಅಣ್ಣನ ತುಟಿ ಚಳಿಗೆ ನೀಲಿಯಾಗತೊಡಗಿತ್ತು. "ನೀನು ಪ್ರೋಗ್ರಾಂ ಮುಗಿಸಿ ಸಂಜೆ ಬಂದೆ ಅಂದ್ಕೊಂಡಿದ್ದೆ. ಆಗಲೇ ಬಂದಿದ್ಯಾ?"

ಬಂದಿದ್ದ. ಬಾಗಿಲು ಅರ್ಧ ತೆರೆದಿತ್ತು. ಒಳಗೆ ಅಪ್ಪ ಮಲಗಿದ್ದ, ಅಣ್ಣ ಮುಷ್ಟಿಯನ್ನು ಬಾಯಿಗಿಟ್ಟುಕೊಂಡು ಅಳುತ್ತಿದ್ದ. ಒಳಗೆ ಹೋಗಲು ಎತ್ತಿದ ಕಾಲು ಯಾಕೆ ನಿಂತಿತು? ದುಃಖಕ್ಕೆ ಎಂದು ತಾನೇ ಎಷ್ಟೋ ಸಲ ಹೇಳಿಕೊಂಡಿದ್ದ. ಆದರೆ ಕಿವಿ ಆಗ ಏನು ಮಾಡುತ್ತಿತ್ತೆಂದು ಅವನಿಗೆ ಗೊತ್ತು: ಸಿಳ್ಳೆ ಎಲ್ಲಿ ಏರುತ್ತದೆ, ಎರಡನೆಯ 'ಬಂದೆ' ಎಲ್ಲಿ ಮುರಿಯುತ್ತದೆ. ಕಲಿತು ಮುಗಿದ ಮೇಲೆ ಸದ್ದಾಗದಂತೆ ಹಿಂದೆ ಸರಿದು, ಆಸ್ಪತ್ರೆಯ ಎದುರಿನ ಅಂಗಡಿಯಲ್ಲಿ ಚಹಾ ಕುಡಿದು, ಸಂಜೆ ಹೊಸದಾಗಿ ಬಂದಿದ್ದ.

"ಹೂಂ," ಎಂದ.

"ಬಾಗಿಲ ಹತ್ರ ನಿಂತು ಕೇಳ್ತಿದ್ಯಾ?"

"ಹೂಂ."

ಅಣ್ಣ ತಮ್ಮನ ಮುಖದಿಂದ ಕಣ್ಣು ತೆಗೆದ. ಕೋಟು ಹೋದಾಗ ನಕ್ಕಿದ್ದ, ಕೆಲಸ ಹೋದಾಗ ನಕ್ಕಿದ್ದ, ಜೀವವೇ ಹೋದಾಗಲೂ ತಡವಾಗಿಯಾದರೂ ನಕ್ಕಿದ್ದ. ಈಗ ಮಾತ್ರ ಛಾವಣಿ ನೋಡುತ್ತ ಮಲಗಿದ. ನಿರ್ದೇಶಕ ಆಗಲೇ ಇನ್ನೊಂದು ಮೂಲೆಯಿಂದ ಕ್ಯಾಮೆರಾ ಇಡಿಸುತ್ತಿದ್ದ. "ಅದನ್ನೇ ಇನ್ನೊಂದು ಸಲ, ಹತ್ತಿರದಿಂದ! ಯಜಮಾನ್ರೇ, ನಿಮ್ಮ ಹೊಟ್ಟೆ ಸ್ವಲ್ಪ ಆಡ್ತಿತ್ತು, ಈ ಸಲ ಉಸಿರು ಬಿಗಿ ಹಿಡೀರಿ."

"ಹಿಡೀತೀನಿ," ಎಂದ ಅಣ್ಣ. ಆಮೇಲೆ, ಕಣ್ಣು ಮುಚ್ಚುವ ಮೊದಲು, ತಮ್ಮನಿಗೆ: "ಬೇರೆ ಏನು ಬೇಕಾದ್ರೂ ಇಟ್ಕೋ. ಅದನ್ನ ಮಾತ್ರ ಬೇಡ. ಈ ಸಲ ನಿಂದು ಅಳು."

ಆಕ್ಷನ್ ಎಂಬ ಸದ್ದು ಎಲ್ಲೋ ದೂರದಿಂದ ಬಂತು. ಅವನು ಮತ್ತೆ ಮೊಣಕಾಲೂರಿದ. ಅಣ್ಣನ ಹೊಟ್ಟೆ ನಿಂತಿತ್ತು. ಒಳಗೆ ಕೈಹಾಕಿದ; ದನಿಗಳು ಸಾಲುಗಟ್ಟಿ ನಿಂತಿದ್ದವು, ನನ್ನನ್ನು ತಗೋ, ನನ್ನನ್ನು ತಗೋ ಎಂದು. ಮೇಷ್ಟರಿದ್ದರು, ವಕೀಲನಿದ್ದ, ಸಭೆಯಲ್ಲಿ ಗದ್ಗದರಾಗುವ ಮಂತ್ರಿಗಳಿದ್ದರು; ಅವರನ್ನೆಲ್ಲ ಆಚೆ ಸರಿಸಿ ಇನ್ನೂ ಒಳಗೆ ಹೋದರೆ ಖಾಲಿ. ಬರಿಯ ಖಾಲಿ ಅಲ್ಲ, ಯಾರೋ ಈಗತಾನೇ ಎದ್ದು ಹೋದ ಕೋಣೆಯ ಹಾಗೆ. ಅವನು ಅಳುವ ತನಕ ನಿರ್ದೇಶಕ ನಿಲ್ಲಿಸುವುದಿಲ್ಲ, ನಿರ್ದೇಶಕ ನಿಲ್ಲಿಸುವ ತನಕ ಅಣ್ಣ ಉಸಿರು ಬಿಡುವುದಿಲ್ಲ. ಕೊಟ್ಟ ಕೆಲಸ ಅರ್ಧಕ್ಕೆ ಬಿಟ್ಟವನಲ್ಲ ಅವನು. ಬೂದಿ ಬಣ್ಣದ ಕೆಳಗೆ ಕತ್ತಿನ ನರ ಉಬ್ಬಿತು. ರೆಪ್ಪೆ ಅದುರಿತು. ಹಣೆಯ ಬಣ್ಣ ಒಡೆದು ಒಳಗಿನ ಕಪ್ಪುಗೆಂಪು ಕಾಣಿಸಿತು. ಅತ್ತುಬಿಡು, ಯಾರದಾದರೂ ಅಳು, ಬೇಗ. ಅಣ್ಣನ ಬೆರಳು ಗೋಣಿಯನ್ನು ಹಿಡಿದು ಹಿಂಡಿತು.

"ಉಸಿರು ಬಿಡೋ ಅಣ್ಣ!"

ಬಾಯಿಂದ ಬಿದ್ದದ್ದು ಗುಡುಗಲ್ಲ, ಬೆಣ್ಣೆಯಲ್ಲ. ಒಡಕು, ಕೀರಲು, ಯಾವ ಹಾಡಿಗೂ ಹೊಂದದಂಥದ್ದು. ಕೇಳಿ ಅವನೇ ಬೆಚ್ಚಿದ. ಅಣ್ಣನ ಎದೆ ಒಮ್ಮೆಲೇ ಮೇಲೆದ್ದು ಕೆಳಗಿಳಿಯಿತು, ಕೆಮ್ಮು ಬಂತು, ಎದ್ದು ಕೂತು ಮೊಣಕಾಲಿಗೆ ಹಣೆಯಿಟ್ಟು ಗಾಳಿ ಎಳೆದುಕೊಂಡ. ಅವನು ಅಣ್ಣನ ಒದ್ದೆ ಬೆನ್ನು ತಿಕ್ಕಿದ.

"ಕಟ್! ಕಟ್! ಅಯ್ಯೋ, ಅದ್ಭುತ!" ನಿರ್ದೇಶಕ ಮೆಗಾಫೋನು ಎದೆಗೆ ಒತ್ತಿಕೊಂಡು ಕುಣಿದ. "ಹೆಣಕ್ಕೆ ಉಸಿರು ಬಿಡು ಅಂತಾನೆ! ಏನು ದರ್ಶನ!" "ಪೋಸ್ಟರಿನ ಮೇಲೆ ಇದೇ ಸಾಲು," ಎಂದ ಕಥೆಗಾರ. "ಅಣ್ಣ ಅಂದ್ರೆ ಇಲ್ಲಿ ಬರೀ ಅಣ್ಣ ಅಲ್ಲ, ಇಡೀ ಸಮಾಜ." "ಹೆಣ ಕೆಮ್ಮಿದ್ದನ್ನ ಕತ್ತರಿಸೋಣ," ಎಂದ ನಿರ್ದೇಶಕ. "ಇನ್ನೊಂದು ಟೇಕ್, ಅದೇ ಸಾಲು, ಅದೇ ದನಿ ಸಾರ್. ಸಾಧ್ಯ ಆದ್ರೆ ಕೊನೇಲಿ ಒಂಚೂರು ಗುಡುಗು."

ಅಣ್ಣ ಮತ್ತೆ ಮಲಗಿದ. ಅವನು ಹೇಳಿದ. "ಅದಲ್ಲ," ಎಂದ ನಿರ್ದೇಶಕ. ಮತ್ತೆ ಹೇಳಿದ. ಅದಲ್ಲ. ಕೇಳಿದ ಯಾವ ದನಿಯನ್ನಾದರೂ ನಾಲಿಗೆಯ ಮೇಲೆ ಕೂರಿಸಬಲ್ಲವನಿಗೆ ಈಗತಾನೇ ತನ್ನ ಬಾಯಿಂದಲೇ ಬಿದ್ದದ್ದು ಸಿಗುತ್ತಿರಲಿಲ್ಲ. ಎತ್ತರಿಸಿದರೆ ಮೇಷ್ಟರು ಬಂದು ಕೂರುತ್ತಿದ್ದರು, ತಗ್ಗಿಸಿದರೆ ದೂರು ವಿಭಾಗ. ಧ್ವನಿಯವನು ಹಿಂದಿನದನ್ನು ಕೇಳಿಸಿದ. ಕಿವಿಗೆ ಹಚ್ಚಿ ಕೇಳಿ, ಅದರಂತೆಯೇ ಹೇಳಿದ. ಅದು ಅದರಂತೆ ಇತ್ತು, ಅಷ್ಟೇ. "ಹತ್ತಿರ ಬಂತು ಸಾರ್, ಇನ್ನೊಂದು," ಎಂದು ನಿರ್ದೇಶಕ ಅನ್ನುತ್ತಿರುವಾಗ ಐಸಿನ ಮೇಲಿಂದ ಕಾಲು ಕೆಳಗಿಳಿಯಿತು.

"ಇವತ್ತಿಗೆ ಸತ್ತಿದ್ದು ಸಾಕು," ಎಂದ ಅಣ್ಣ. ಯಾರ ಅಪ್ಪಣೆಯನ್ನೂ ಕೇಳದೆ, ಗೋಣಿಯ ಒಣಗಿದ ಕಡೆಯಿಂದ ಬೆನ್ನು ಒರೆಸಿಕೊಂಡು, ನೀಲಿ ಅಂಗಿ ತೊಟ್ಟ. ಮರಗಟ್ಟಿದ ಬೆರಳಿಗೆ ಗುಂಡಿ ಸಿಗಲಿಲ್ಲ, ಹಾಗೆಯೇ ಬಿಟ್ಟು, ಪಕ್ಕದಲ್ಲಿಟ್ಟಿದ್ದ ಡಬ್ಬಿಯನ್ನು ಮತ್ತೆ ತಮ್ಮನ ಕೈಗಿಟ್ಟ. "ಡಬ್ಬೀಲಿ ನಿಂದು ಮೇಲಿನದ್ದು. ತಣ್ಣಗಾಗೋಕೆ ಮುಂಚೆ ತಿನ್ನು." ತಮ್ಮನ ಮುಖ ನೋಡದೆ ಬಾಗಿಲ ಕಡೆ ನಡೆದ. ಹೊಗೆಯ ನಡುವೆ, ಬೂದಿ ಮುಖದ, ಬರಿಗಾಲಿನ, ಎರಡೂ ಚಪ್ಪಲಿ ಕೈಯಲ್ಲಿ ಹಿಡಿದ ಅವನ ಮೇಲೆ ಹೊರಗಿನ ಬಿಸಿಲು ಬಿತ್ತು.

"ಅಲ್ನೋಡ್ರೋ!" ಎಂದು ನಿರ್ದೇಶಕ ಪಿಸುಗುಟ್ಟಿದ, ಅವನ ಜೀವಮಾನದ ಮೊದಲ ಪಿಸುಮಾತಿರಬೇಕು. "ಆತ್ಮ ಹೊರಟ ಹಾಗೇ ಇದೆ! ತಿರುಗಿಸು, ಕ್ಯಾಮೆರಾ ತಿರುಗಿಸು, ಅವರಿಗೆ ಹೇಳ್ಬೇಡಿ, ಹಾಗೇ ನಡೀಲಿ... ರೋಲ್!"

ಕ್ಯಾಮೆರಾ ತಿರುಗಿತು. ಮಾನಿಟರಿನಲ್ಲಿ ಅಣ್ಣನ ಬೆನ್ನು ಮೂಡಿತು, ಅಂಗಿ ಅಂಟಿಕೊಂಡಿದ್ದ ಒದ್ದೆ ಬೆನ್ನು. ಆಮೇಲೆ ಅದು ಹೋಗಿ ಕಪ್ಪಾಯಿತು.

"ಯಾರದು ಅಡ್ಡ? ಸಾರ್? ಸಾರ್, ಕೈ ತೆಗೀರಿ! ಏನ್ ಸಾರ್ ಇದು, ಬೆಳಕು ಹೋಗುತ್ತೆ, ಮತ್ತೆ ಸಿಗಲ್ಲ!"

ಅವನು ಅಂಗೈಯನ್ನು ಕ್ಯಾಮೆರಾದ ಗಾಜಿಗೆ ಪೂರ್ತಿ ಒತ್ತಿ ಹಿಡಿದಿದ್ದ. ಇನ್ನೊಂದು ಕೈಯಲ್ಲಿ ಡಬ್ಬಿ ಇತ್ತು. ಕಿವಿಯ ಹಿಂದಿನ ಪಟ್ಟಿ ಒಂದು ಕಡೆ ಬಿಟ್ಟುಹೋಗಿ, ಅರ್ಧ ಮುಖ ಇಪ್ಪತ್ತರದು, ಅರ್ಧ ಜೋತು ಬಿದ್ದದ್ದು. ಕ್ಯಾಮೆರಾದವನು ಮೆತ್ತಗೆ ಅವನ ಬೆರಳು ಬಿಡಿಸಲು ನೋಡಿದ, ಆಗಲಿಲ್ಲ. ಹೊರಗೆ ಗೇಟಿನ ಬಳಿ ಕಾವಲಿನವನು, "ಏನ್ ಯಜಮಾನ್ರೇ, ಮುಖಕ್ಕೆ ಏನಾಯ್ತು?" ಎಂದು ಕೇಳಿದ್ದೂ, ಅಣ್ಣ ಏನೋ ಹೇಳಿದ್ದೂ, ಏನು ಹೇಳಿದನೆಂದು ಇಲ್ಲಿಗೆ ಕೇಳಿಸದಿದ್ದದ್ದೂ ಆಯಿತು. ಗೇಟು ಕಿರುಗುಟ್ಟಿ ಮುಚ್ಚಿಕೊಳ್ಳುವವರೆಗೂ ಅವನು ಕೈ ತೆಗೆಯಲಿಲ್ಲ.